ಬಿಚ್ಚುವ ಮುಂಚೆ ಅಳೆಯುವವರು

ಕಲಬುರಗಿಯಲ್ಲಿ ಸ್ವಲ್ಪ ದೊಡ್ಡ ಕೆಲಸ ಬಂದರೆ ಸಾಕು, ಜನ ಹೇಳುವುದು ಒಂದೇ ಮಾತು: ಹೈದರಾಬಾದಿಗೆ ಹೋಗ್ರಿ. ಆಪರೇಷನ್ ಆದರೂ ಅದೇ, ಮದುವೆ ಜವಳಿ ಆದರೂ ಅದೇ. ಹಳೆಯ ಸ್ಪೋರ್ಟ್ಸ್ ಕಾರಿನ ಇಂಜಿನ್ ಕೆಲಸ ಅಂದರಂತೂ ಎದುರಿನವರು ಯೋಚನೆಯನ್ನೇ ಮಾಡುವುದಿಲ್ಲ. ಈ ಮಾತು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಊರಿನ ಅಭಿಮಾನದಿಂದ ಹೇಳುತ್ತಿಲ್ಲ. ಹೈದರಾಬಾದ್ ನಮಗೆ ಪರಊರಲ್ಲ. ರಸ್ತೆಯ ಮೇಲೆ 220 ಕಿ.ಮೀ. ಆಸುಪಾಸು, ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅಲ್ಲಿ ಒಳ್ಳೆಯ ಮೆಕ್ಯಾನಿಕ್‌ಗಳು ಇದ್ದಾರೆ ಎನ್ನುವುದೂ ಸುಳ್ಳಲ್ಲ. ನನ್ನ ಪ್ರಶ್ನೆ ಬೇರೆ. ಇಂಜಿನ್ ಬಿಚ್ಚುವಂಥ ಕೆಲಸಕ್ಕೆ ನಂಬಬಹುದಾದ ಗ್ಯಾರೇಜ್ ಯಾವುದು ಅಂತ ಹೇಗೆ ಗೊತ್ತಾಗಬೇಕು? ದೊಡ್ಡ ಊರಿನಲ್ಲಿದ್ದರೆ ಸಾಕಾ? ಅದೇ ಮಾಡೆಲ್ಲನ್ನು ಬಹಳ ಸಲ ಬಿಚ್ಚಿದ್ದರೆ ಸಾಕಾ? ಹೋದ ಬೇಸಿಗೆಯಲ್ಲಿ ಇದನ್ನು ಯೋಚಿಸುವುದು ನನಗೆ ಅನಿವಾರ್ಯವಾಯಿತು.

ನೀರು ಎಲ್ಲಿ ಹೋಗುತ್ತಿದೆ?

ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಮೊದಲನೇ ತಲೆಮಾರಿನದು. ಹೊರಗಿನಿಂದ ನೋಡಿದರೆ ಮನೆಮಂದಿ ಕೂತು ಜಾತ್ರೆಗೆ ಹೋಗುವ ಗಾಡಿ. ಬಾನೆಟ್ ಕೆಳಗೆ ಇರುವುದು 1781 ಸಿಸಿಯ ಟರ್ಬೊ ಪೆಟ್ರೋಲ್ ಇಂಜಿನ್, 150 ಎಚ್‌ಪಿ. ಒಂದೊಂದು ಸಿಲಿಂಡರಿಗೆ ಐದು ವಾಲ್ವು, ಮೂರು ಗಾಳಿ ಒಳಗೆ ಎಳೆಯಲು, ಎರಡು ಹೊಗೆ ಹೊರಗೆ ಬಿಡಲು. ಮೊದಲ ಆಡಿ ಟಿಟಿ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಇದೇ ಕುಟುಂಬದ ಇಂಜಿನ್. ಸ್ಕೋಡಾದವರು 2001ರಲ್ಲಿ ಔರಂಗಾಬಾದಿನಲ್ಲಿ ಕಾರ್ಖಾನೆ ಶುರು ಮಾಡಿ ಆಕ್ಟೇವಿಯಾ ಜೋಡಿಸಲು ತೊಡಗಿದಾಗ ನಾನು ಕಾಲೇಜಿನಲ್ಲಿದ್ದೆ. ಔರಂಗಾಬಾದ್ ಅಂದರೆ ನಮ್ಮ ಕಲಬುರಗಿ, ಬೀದರ್ ಥರ ಒಂದು ಕಾಲದಲ್ಲಿ ನಿಜಾಮ ಸಂಸ್ಥಾನದಲ್ಲೇ ಇದ್ದ ಊರು. ಅಲ್ಲಿಂದ ಬಂದ ಕಾರು ಒಂದು ದಿನ ನನ್ನ ಮನೆ ಮುಂದೆ ನಿಲ್ಲುತ್ತದೆ ಅಂತ ಆಗ ಅಂದುಕೊಂಡಿರಲಿಲ್ಲ. ಸೆಕೆಂಡ್ ಹ್ಯಾಂಡ್ ಆಗಿ ಬಂತು, ಬಂದ ಮೇಲೆ ಮನೆಯಲ್ಲಿ ಒಬ್ಬನಾಯಿತು. ಹುಮನಾಬಾದ್ ರಸ್ತೆ ಖಾಲಿ ಇದ್ದಾಗ ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನನ್ನು ಸೀಟಿಗೆ ಒತ್ತುವ ಆ ಎಳೆತಕ್ಕೆ ನಾನು ಇವತ್ತಿಗೂ ಮನಸೋಲುತ್ತೇನೆ.

ಹದಿನೈದು ವರ್ಷ ದಾಟಿದ ಗಾಡಿ. ಆರ್‌ಟಿಒದಲ್ಲಿ ನೋಂದಣಿ ನವೀಕರಣ ಆಗಿದೆ, ಇನ್ನು ಐದೈದು ವರ್ಷಕ್ಕೊಮ್ಮೆ ಆಗುತ್ತಲೇ ಇರಬೇಕು. ಕಾಗದಪತ್ರದ ಚಿಂತೆ ಇಲ್ಲ. ಚಿಂತೆ ಶುರುವಾದದ್ದು ಕೂಲೆಂಟ್ ಡಬ್ಬಿಯಿಂದ, ಅಂದರೆ ಇಂಜಿನ್ ತಣ್ಣಗಿಡುವ ನೀರಿನ ಡಬ್ಬಿಯಿಂದ. ವಾರಕ್ಕೊಮ್ಮೆ ನೋಡಿದಾಗ ನೀರು ಸ್ವಲ್ಪ ಕೆಳಗೆ ಇಳಿದಿರುತ್ತಿತ್ತು. ನೆಲದ ಮೇಲೆ ಒಂದು ಹನಿ ಇಲ್ಲ. ಪೈಪುಗಳು ಒಣಗಿಯೇ ಇವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ಇಂಜಿನ್ ಮುಗ್ಗರಿಸಿ ಆಮೇಲೆ ಸರಿಯಾಗುತ್ತಿತ್ತು, ಸೈಲೆನ್ಸರಿನಿಂದ ಬಿಳಿ ಹೊಗೆ. ಚಳಿಗಾಲದಲ್ಲಿ ಆಗಿದ್ದರೆ ಹಬೆ ಅನ್ನಬಹುದಿತ್ತು. ಕಲಬುರಗಿಯ ಏಪ್ರಿಲ್‌ನಲ್ಲಿ, ಬೆಳಿಗ್ಗೆ ಏಳಕ್ಕೇ ಬೆವರು ಬರುವಾಗ ಬಿಳಿ ಹೊಗೆಗೆ ಬೇರೆ ಅರ್ಥವೇ ಇರಬೇಕು.

ಕಾರಿನ ಬಗ್ಗೆ ಸ್ವಲ್ಪ ಓದಿಕೊಂಡವರಿಗೆ ಈ ಮೂರು ಲಕ್ಷಣ ಸೇರಿದರೆ ಮೊದಲು ನೆನಪಾಗುವುದು ಹೆಡ್ ಗ್ಯಾಸ್ಕೆಟ್. ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಇರುವ ಆ ತೆಳು ಹಾಳೆ ಒಂದು ಕಡೆ ಸೋತರೂ ಸಾಕು, ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತದೆ, ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ಸೇರುತ್ತದೆ. ಆದರೆ ನೆನಪಾಗುವುದು ಬೇರೆ, ಅದೇ ಅಂತ ಖಚಿತವಾಗುವುದು ಬೇರೆ. ಈ ಎರಡರ ನಡುವಿನ ದೂರವನ್ನು ಯಾರು ಹೇಗೆ ದಾಟುತ್ತಾರೆ ಅನ್ನುವುದರಲ್ಲೇ ಗ್ಯಾರೇಜಿನ ನಿಜವಾದ ಗುಣ ಕಾಣುತ್ತದೆ ಅಂತ ನನಗೆ ಈಗ ಅನ್ನಿಸುತ್ತದೆ.

ನೋಡದೆ ಹೇಳುವ ರೇಟು

ಮೊದಲು ಹೋದದ್ದು ನಮ್ಮೂರಿನದೇ ಒಂದು ದೊಡ್ಡ ಗ್ಯಾರೇಜಿಗೆ. ನೆಲಕ್ಕೆ ಟೈಲ್ಸು, ಎರಡು ಲಿಫ್ಟು, ಕಾಯುವವರಿಗೆ ಎಸಿ ಕೋಣೆ. ಒಬ್ಬ ಹುಡುಗ ಸ್ಕ್ಯಾನರ್ ಜೋಡಿಸಿದ. ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ) ಎಂಬ ಕೋಡ್ ಬಂತು. ಮಾಲೀಕರು ಬಂದು ಇಂಜಿನ್ ಶಬ್ದವನ್ನು ಸ್ವಲ್ಪ ಹೊತ್ತು ಕೇಳಿದರು. ಬಾನೆಟ್ ಮುಚ್ಚುವ ಮುಂಚೆಯೇ ತೀರ್ಮಾನ ಹೊರಬಿತ್ತು. ಫುಲ್ ಇಂಜಿನ್ ಇಳಿಸಬೇಕು, ಎರಡು ಲಕ್ಷದ ಮೇಲೆ ಆಗುತ್ತದೆ, ಅರ್ಧ ಅಡ್ವಾನ್ಸ್ ಕೊಡಿ. ಕಂಪ್ರೆಷನ್ ನೋಡಿದಿರಾ ಅಂತ ಕೇಳಿದೆ. ಇಪ್ಪತ್ತು ವರ್ಷದ ಅನುಭವ ಇದೆ ಸರ್, ಶಬ್ದ ಕೇಳಿದರೇ ಗೊತ್ತಾಗುತ್ತದೆ ಅಂದರು.

ಅನುಭವದ ಬಗ್ಗೆ ನನಗೆ ಗೌರವ ಇದೆ. ಶಬ್ದ ಕೇಳಿ ಟ್ಯಾಪೆಟ್ ಯಾವುದು, ಬೇರಿಂಗ್ ಯಾವುದು ಅಂತ ಹೇಳುವವರನ್ನು ನಾನೇ ನೋಡಿದ್ದೇನೆ. ಆದರೆ ಶಬ್ದ ತೋರಿಸುವುದು ಅನುಮಾನವನ್ನು. ನೆಹರೂ ಗಂಜಿನಲ್ಲಿ ತೊಗರಿ ಚೀಲಕ್ಕೆ ಕೊಳವೆ ಚುಚ್ಚಿ, ಕಾಳು ಅಂಗೈ ಮೇಲೆ ಸುರುವಿಕೊಂಡು ನೋಡದೆ ಯಾವ ವ್ಯಾಪಾರಿಯೂ ರೇಟು ಕೂಗುವುದಿಲ್ಲ. ಇಂಜಿನ್ನಿಗೂ ಅಂಥ ಕೊಳವೆಗಳು ಇವೆ. ಪ್ಲಗ್ ತೆಗೆದು ಕಂಪ್ರೆಷನ್ ಗೇಜ್ ಇಟ್ಟರೆ ನಾಲ್ಕೂ ಸಿಲಿಂಡರ್ ಎಷ್ಟೆಷ್ಟು ಒತ್ತುತ್ತಿವೆ ಅಂತ ಗೊತ್ತಾಗುತ್ತದೆ. ಹೊರಗಿನಿಂದ ಗಾಳಿ ತುಂಬಿ ಅದು ಎಲ್ಲಿಂದ ಸೋರುತ್ತದೆ ಅಂತ ಕೇಳಬಹುದು. ಕೂಲೆಂಟ್ ಡಬ್ಬಿಗೆ ಕೈಪಂಪು ಹಚ್ಚಿ ಒತ್ತಡ ಕೊಟ್ಟು ಇಟ್ಟರೆ ಸೋರಿಕೆ ಇದ್ದರೆ ಮುಳ್ಳು ಇಳಿಯುತ್ತದೆ. ಡಬ್ಬಿಯ ಬಾಯಿಗೆ ನೀಲಿ ದ್ರಾವಣದ ಗಾಜಿನ ಕೊಳವೆ ಇಡುವ ಪರೀಕ್ಷೆಯೂ ಇದೆ. ಕೂಲೆಂಟಿನ ಮೇಲಿನ ಗಾಳಿಯಲ್ಲಿ ಸಿಲಿಂಡರಿನಿಂದ ಬಂದ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ಈ ಉಪಕರಣಗಳು ಕೆಲವು ಸಾವಿರ ರೂಪಾಯಿಯವು. ಎರಡು ಲಕ್ಷದ ಮಾತು ಆಡುವ ಜಾಗದಲ್ಲಿ ಅವು ಇರಲೇಬೇಕು, ಅಲ್ವಾ?

ಮಿಸ್‌ಫೈರ್ ಕೋಡಿನ ಕಥೆಯೂ ಅಷ್ಟೇ. ಈ ಇಂಜಿನ್ನಿನಲ್ಲಿ ಪ್ರತಿ ಪ್ಲಗ್ ಮೇಲೂ ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಒಂದೊಂದು ಕಾಯಿಲ್ ಕೂತಿರುತ್ತದೆ. ಒಂದನೇ ಸಿಲಿಂಡರಿನ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಒಂದಕ್ಕೆ ಹಾಕಿ ಓಡಿಸಿ ನೋಡಿದರೆ ಆಯಿತು. ಕೋಡ್ ಮೂರಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ, ಒಂದರಲ್ಲೇ ಉಳಿದರೆ ತೊಂದರೆ ಬೇರೆ ಕಡೆ ಇದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇದನ್ನೂ ಮಾಡದೆ ಇಂಜಿನ್ ಇಳಿಸುವ ಮಾತು ಬಂದಾಗ ನಾನು ಕೀಲಿ ತೆಗೆದುಕೊಂಡು ಹೊರಗೆ ಬಂದೆ.

ಇನ್ನೊಂದು ಕಡೆ ಸಿಕ್ಕ ಸಲಹೆ ಇನ್ನೂ ವಿಚಿತ್ರ. 'ನಮ್ಮ ಬಿಸಲಿಗೆ ಥರ್ಮೋಸ್ಟ್ಯಾಟ್ ಬ್ಯಾಡ್ರಿ, ತೆಗೆದು ಬಿಡೂಣು' ಅಂದರು. ನಮ್ಮ ಭಾಗದಲ್ಲಿ ಇದು ಬಹಳ ಹಳೆಯ ಪದ್ಧತಿ. ಜೀಪು, ಟ್ರ್ಯಾಕ್ಸು, ಅಂಬಾಸಿಡರ್ ಕಾಲದಲ್ಲಿ ಬಿಸಿಯಾದ ಗಾಡಿಗೆಲ್ಲ ಇದೇ ಮದ್ದು. ಇವತ್ತಿನ ಇಂಜಿನ್ನಿಗೆ ಇದರಿಂದ ಹಾನಿಯೇ ಜಾಸ್ತಿ. ಥರ್ಮೋಸ್ಟ್ಯಾಟ್ 87 ಡಿಗ್ರಿ ಹತ್ತಿರ ತೆರೆದುಕೊಳ್ಳುತ್ತದೆ, ಅಲ್ಲಿಯವರೆಗೆ ಇಂಜಿನ್ ಬೇಗ ಬಿಸಿಯಾಗಲಿ ಅಂತ ನೀರನ್ನು ತಡೆದು ಹಿಡಿಯುತ್ತದೆ. ಅದನ್ನು ಕಿತ್ತರೆ ಇಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಸವೆತ ಹೆಚ್ಚುತ್ತದೆ. ಮುಖ್ಯವಾಗಿ, ನಿಜವಾದ ಕಾಯಿಲೆ ಹಾಗೇ ಉಳಿಯುತ್ತದೆ, ಕಾಣಿಸದಂತೆ ಆಗುತ್ತದೆ ಅಷ್ಟೇ. ಸಲಹೆ ಕೊಟ್ಟವರು ಕೆಟ್ಟವರಲ್ಲ. ನನ್ನ ದುಡ್ಡು ಉಳಿಸಬೇಕೆಂದೇ ಹೇಳಿದ್ದು. ಪ್ರಾಮಾಣಿಕತೆ ಒಂದೇ ಇದ್ದರೆ ದೊಡ್ಡ ರಿಪೇರಿಗೆ ಸಾಲದು ಅಂತ ಅವತ್ತು ನನಗೆ ಮನವರಿಕೆಯಾಯಿತು.

ಆಳಂದ ರಸ್ತೆಯ ಚಾಚಾ

ಆಳಂದ ರಸ್ತೆಯ ಕಡೆ ಒಂದು ಸಣ್ಣ ಗ್ಯಾರೇಜು ಇದೆ. ಬೋರ್ಡಿನ ಬಣ್ಣ ಹಾರಿಹೋಗಿದೆ. ನಡೆಸುವವರು ಅರವತ್ತು ದಾಟಿದ ಹಿರಿಯರು, ಹುಡುಗರಿಗೆ ಉಸ್ತಾದ್, ಗಿರಾಕಿಗಳಿಗೆಲ್ಲ ಚಾಚಾ. ವಯಸ್ಸಿನಲ್ಲಿದ್ದಾಗ ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಬಸ್ಸಿನ ಇಂಜಿನ್ ಕೆಲಸ ಮಾಡಿದವರು. ಜೊತೆಗೆ ಮಗ, ಐಟಿಐ ಓದಿದವನು, ಲ್ಯಾಪ್‌ಟಾಪ್ ಕೆಲಸ ಅವನದು. ಪರಿಚಯದ ಒಬ್ಬ ದಾಲ್ ಮಿಲ್ಲಿನವರು ಕಳಿಸಿದ್ದರಿಂದ ಹೋದೆ.

ನಾನು ಒಳಗೆ ಕಾಲಿಟ್ಟು ಮೊದಲು ನೋಡಿದ್ದು ಮೂಲೆಯಲ್ಲಿ ಹೆಡ್ ಬಿಚ್ಚಿ ನಿಲ್ಲಿಸಿದ್ದ ಒಂದು ಜೀಪನ್ನು. ಸಿಲಿಂಡರುಗಳ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿತ್ತು, ಮೇಲೆ ಇನ್ನೊಂದು ದಪ್ಪ ಬಟ್ಟೆ ಹೊದಿಸಿತ್ತು. ರಟ್ಟಿನ ಮೇಲೆ ಹೆಡ್ಡಿನ ಆಕಾರ ಬರೆದು, ಬೋಲ್ಟು ಯಾವ ಜಾಗದಿಂದ ಬಂತೋ ಅದೇ ಜಾಗದಲ್ಲಿ ತೂತು ಮಾಡಿ ಚುಚ್ಚಿ ಇಟ್ಟಿದ್ದರು. ಕಲಬುರಗಿಯ ಧೂಳು ನಿಮಗೆ ಗೊತ್ತೇ ಇದೆ. ಶಹಾಬಾದ್, ಸೇಡಂ ಕಡೆಯ ಸುಣ್ಣದ ಕಲ್ಲಿನ ಪುಡಿ ಬೇಸಿಗೆ ಗಾಳಿಗೆ ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ. ತೆರೆದಿಟ್ಟ ಇಂಜಿನ್ನಿಗೆ ಅದು ಉಜ್ಜು ಕಾಗದ ಇದ್ದ ಹಾಗೇ. ಈ ಊರಿನಲ್ಲಿ ಗ್ಯಾರೇಜ್ ನೋಡಲು ಹೋದವರು ಎಸಿ ಕೋಣೆ ನೋಡುವುದನ್ನು ಬಿಟ್ಟು ಬಿಚ್ಚಿದ ಇಂಜಿನ್ ಮೇಲೆ ಬಟ್ಟೆ ಇದೆಯಾ ಅಂತ ನೋಡಬೇಕು. ಕಷ್ಟಪಟ್ಟು ಮಾಡುವ ಕೆಲಸಕ್ಕಿಂತ ಯಾರೂ ನೋಡದಿದ್ದಾಗ ಮಾಡುವ ಇಂಥ ಸಣ್ಣ ಕೆಲಸವೇ ಮನುಷ್ಯನನ್ನು ತೋರಿಸುತ್ತದೆ.

ಚಾಚಾ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ ತೆಗೆದು ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ಹೇಳಿದರು, 'ಈ ಇಂಜಿನ್ ನಾ ಇಲ್ಲೀತನ ಬಿಚ್ಚಿಲ್ರಿ ಸರ್. ಫಾಬಿಯಾ ಮಾಡೀನಿ, ಇದು ಮಾಡಿಲ್ಲ. ಮೊದಲ ನೋಡೂಣು. ಏನೂ ಬಿಚ್ಚೂದು ಬ್ಯಾಡ. ಗಾಡಿ ರಾತ್ರಿ ಇಲ್ಲೇ ಬಿಡ್ರಿ.'

ಬಿಚ್ಚಿಲ್ರಿ ಎನ್ನುವ ಮಾತು ಕೇಳಿದಾಗ ನನಗೆ ಭಯ ಆಗಬೇಕಿತ್ತು. ಆಗಿದ್ದು ನೆಮ್ಮದಿ. ಅಲ್ಲಿಯವರೆಗೆ ಎಲ್ಲರೂ ಎಲ್ಲ ಗೊತ್ತಿದೆ ಎಂದೇ ಮಾತು ಶುರು ಮಾಡಿದ್ದರು. ನನ್ನ ಕಾರಿನಂಥ ಕಾರು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಹುಡುಕಿದರೂ ಅಪರೂಪ. ಆ ಇಂಜಿನ್ ಕೈಗೆ ಅಭ್ಯಾಸ ಆಗುವಷ್ಟು ಕೆಲಸ ಇಲ್ಲಿ ಯಾರಿಗೂ ಸಿಗುವುದಿಲ್ಲ. ಹಾಗಿರುವಾಗ ನಮಗೆ ಬೇಕಾದವರು ಆ ಕಾರನ್ನು ಬಲ್ಲವರಲ್ಲ, ತಮಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬ ಗೆರೆಯನ್ನು ಬಲ್ಲವರು. ಗೊತ್ತಿಲ್ಲದವರು ಅಳೆಯುತ್ತಾರೆ, ಪುಸ್ತಕ ತೆಗೆಯುತ್ತಾರೆ, ಕೇಳುತ್ತಾರೆ. ಎಲ್ಲ ಗೊತ್ತಿದೆ ಅಂದುಕೊಂಡವರು ನೇರ ಪಾನಾ ಎತ್ತುತ್ತಾರೆ.

ಮರುದಿನ ಮುಂಜಾನೆ ಹೋದಾಗ ನಾಲ್ಕೂ ಪ್ಲಗ್ ಒಂದು ಹಲಗೆಯ ಮೇಲೆ ಸಾಲಾಗಿ ಇದ್ದವು. ಮೂರು ಕಂದು ಬಣ್ಣದವು. ಒಂದನೆಯದು ತೊಳೆದಿಟ್ಟಂತೆ ಬೆಳ್ಳಗೆ. ನೀರು ಒಳಗೆ ಇಳಿದು ಹಬೆಯಾಗಿ ಆ ಸಿಲಿಂಡರನ್ನು ದಿನವೂ ತೊಳೆಯುತ್ತಿತ್ತು. ರಾತ್ರಿ ಕೂಲೆಂಟಿಗೆ ಕೊಟ್ಟಿದ್ದ ಒತ್ತಡ ಬೆಳಗಾಗುವಷ್ಟರಲ್ಲಿ ಇಳಿದಿತ್ತು, ಒಂದನೇ ಸಿಲಿಂಡರಿನ ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಪಿಸ್ಟನ್ ಮೇಲೆ ಕೆಂಪು ನೀರು ಹೊಳೆಯುತ್ತಿತ್ತು. ಉಳಿದ ಮೂರು ಒಣ. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ರಿಂಗು, ಪಿಸ್ಟನ್ ಚೆನ್ನಾಗಿವೆ. ಇಂಜಿನ್ ಇಳಿಸುವ ಅಗತ್ಯವೇ ಇಲ್ಲ, ಹೆಡ್ ಇಳಿಸಿದರೆ ಸಾಕು. ಎರಡು ಲಕ್ಷದ ಮಾತು ಅಲ್ಲಿಗೇ ಅರ್ಧಕ್ಕಿಂತ ಕೆಳಗೆ ಬಂತು.

ಮಗ ಲ್ಯಾಪ್‌ಟಾಪ್ ಹಚ್ಚಿ ಇನ್ನೊಂದು ವಿಷಯ ತೋರಿಸಿದ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು 90ರ ಮೇಲೆ ಅಲುಗದೆ ನಿಲ್ಲುತ್ತಿತ್ತಲ್ಲ, ಒಳಗಿನ ನಿಜವಾದ ಅಂಕಿ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಸಾಕಷ್ಟು ಮೇಲೆ ಹೋಗುತ್ತಿತ್ತು. ಈ ಕಾರುಗಳಲ್ಲಿ ಮುಳ್ಳನ್ನು ಹಾಗೇ ಮಾಡಿರುತ್ತಾರೆ. ಬಿಸಿ ಸ್ವಲ್ಪ ಹೆಚ್ಚುಕಡಿಮೆ ಆದರೆ ಮುಳ್ಳು ನಡುವಿನಲ್ಲೇ ಇರುತ್ತದೆ, ಓಡಿಸುವವರು ಸುಮ್ನೆ ಗಾಬರಿ ಆಗದಿರಲಿ ಅಂತ. ಮೇ ತಿಂಗಳಲ್ಲಿ 43 ಡಿಗ್ರಿ ಕಾಣುವ ನಮ್ಮಂಥ ಊರಿನವರು ಮುಳ್ಳು ನಂಬುವ ಹಾಗಿಲ್ಲ. ಓಡುತ್ತಿರುವ ಇಂಜಿನ್ನಿನ ಅಂಕಿಯನ್ನು ಪರದೆ ಮೇಲೆ ನೋಡಲೇಬೇಕು.

ಸೋಲಾ

ಹೆಡ್ ಇಳಿಸಿದ ದಿನ ನಾನು ಅಲ್ಲೇ ಇದ್ದೆ. ಗ್ಯಾಸ್ಕೆಟ್ ಎಲ್ಲಿ ಸೋತಿದೆ ಅಂತ ಚಾಚಾ ಬೆರಳಿಟ್ಟು ತೋರಿಸಿದರು. ಹೆಡ್ಡಿನ ನೀರಿನ ದಾರಿಗಳಲ್ಲಿ ಬೆಳ್ಳನೆಯ ಪದರ ಕಟ್ಟಿತ್ತು. ನನಗಿಂತ ಮುಂಚೆ ಯಾರೋ ಕೂಲೆಂಟಿನ ಬದಲು ಬೋರಿನ ನೀರು ಸುರಿಯುತ್ತ ಬಂದಿದ್ದರ ಗುರುತು ಅದು. ನಮ್ಮ ಬೋರ್ ನೀರಿನ ಗಡಸು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಸುಣ್ಣವೇ ಇಂಜಿನ್ ಒಳಗೂ ಕಟ್ಟುತ್ತದೆ. ಪದರ ಕಟ್ಟಿದ ಕಡೆ ಶಾಖ ಹೊರಗೆ ಹೋಗುವುದಿಲ್ಲ, ಅಲ್ಲಿ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸೋಲುತ್ತದೆ. ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ಕೊಡುವ ದುಡ್ಡು ಇದರ ಮುಂದೆ ಏನೂ ಅಲ್ಲ. ಇನ್ನೊಂದು ಮಾತು. ಕೆಂಪು ಕೂಲೆಂಟಿನ ಮೇಲೆ ಹಳೆಯ ಹಸಿರು, ನೀಲಿ ಕೂಲೆಂಟ್ ಸುರಿಯಬೇಡಿ. ಈ ಇಂಜಿನ್ನಿನ ಕಾಲದ ಕೆಂಪು ಕೂಲೆಂಟು ಹಳೆಯ ಬಗೆಯದರ ಜೊತೆ ಸೇರಿದರೆ ಕಂದು ಕೆಸರಾಗಿ ರೇಡಿಯೇಟರಿನಲ್ಲಿ ಕೂರುತ್ತದೆ.

ಹೆಡ್ಡಿನ ಮೇಲೆ ನೇರ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸಿ ನೋಡಿದರು. ಪುಸ್ತಕದ ಪ್ರಕಾರ 0.1 ಮಿ.ಮೀ.ಗಿಂತ ಜಾಸ್ತಿ ಸೊಟ್ಟ ಇರಬಾರದು. ನನ್ನದರಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಲೇತ್ ಅಂಗಡಿಗೆ ಹೋಗಿ ಫೇಸಿಂಗ್ ಮಾಡಿಸಬೇಕು, ಅಂದರೆ ಹೆಡ್ಡಿನ ಮುಖ ಹೆರೆಸಿ ಸಪಾಟು ಮಾಡಿಸಬೇಕು. ಆದರೆ ಯಾವ ಲೇತು? ಟ್ರ್ಯಾಕ್ಟರ್ ಹೆಡ್ ಫೇಸಿಂಗ್ ಮಾಡುವವರು ಕಪನೂರ್ ಕಡೆ ಸಾಕಷ್ಟು ಜನ ಇದ್ದಾರೆ. ಈ ಇಂಜಿನ್ನಿಗೆ ಬರುವುದು ಲೋಹದ ಪದರಗಳ ಗ್ಯಾಸ್ಕೆಟ್. ಅದು ಸರಿಯಾಗಿ ಕೂರಬೇಕಾದರೆ ಹೆಡ್ಡಿನ ಮುಖ ಬಹಳ ನಯವಾಗಿರಬೇಕು. ಚಾಚಾ ಒಂದು ಅಂಗಡಿಯ ಹಿಂದಿನ ಕೆಲಸ ಎರಡು ನೋಡಿ, ಉಗುರು ಎಳೆದು ಪರೀಕ್ಷಿಸಿ, ಬೇಡ ಅಂದರು. ಕೊನೆಗೆ ಸೊಲ್ಲಾಪುರಕ್ಕೆ ಕಳಿಸಿದೆವು. ಕೆಲಸ ಎರಡು ವಾರ ನಿಂತಿತು. ನನಗೆ ಒಂದು ಚೂರೂ ಬೇಸರ ಆಗಲಿಲ್ಲ.

ಮರಳಿ ಜೋಡಿಸುವಾಗಿನ ಒಂದು ಗಳಿಗೆ ನನ್ನ ಕಣ್ಣಿನ ಮುಂದೆ ಹಾಗೇ ಇದೆ. ಈ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ತಿರುಗಿಸುವುದು ವಾಲ್ವು ತೆರೆಯುವ ಒಂದು ಕ್ಯಾಮ್‌ಶಾಫ್ಟನ್ನು ಮಾತ್ರ. ಅಲ್ಲಿಂದ ಎರಡನೇ ಕ್ಯಾಮಿಗೆ ಒಂದು ಸಣ್ಣ ಚೈನು. ಎರಡೂ ಕ್ಯಾಮುಗಳ ಮೇಲಿನ ಗುರುತುಗಳ ನಡುವೆ ಚೈನಿನ 16 ರೋಲರ್ ಇರಬೇಕು. ಹದಿನೈದೂ ಅಲ್ಲ, ಹದಿನೇಳೂ ಅಲ್ಲ. ಒಂದು ತಪ್ಪಿದರೆ ವಾಲ್ವುಗಳು ತೆರೆದುಕೊಳ್ಳುವ ಸಮಯವೇ ತಪ್ಪುತ್ತದೆ. ಬೆಲ್ಟಿನ ಲೆಕ್ಕ ತಪ್ಪಿದರಂತೂ ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಬಡಿದು ಅದನ್ನು ಬಗ್ಗಿಸಿಬಿಡುತ್ತದೆ. ಚಾಚಾ ಕನ್ನಡಕ ಹಾಕಿಕೊಂಡು, ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದೇ ರೋಲರ್ ಮುಟ್ಟುತ್ತ ಎಣಿಸಿದರು. ಚೌದಾ, ಪಂದ್ರಾ, ಸೋಲಾ. ಆಮೇಲೆ ಮಗನಿಗೆ ಹೇಳಿದರು, 'ನೀ ಎಣಸು.' ಅವನು ಆ ಕಡೆಯಿಂದ ಎಣಿಸಿದ. ಸೋಲಾ. ಆಮೇಲೆ ಸ್ಪ್ಯಾನರ್ ಒರೆಸುತ್ತ ನಿಂತಿದ್ದ ಚಿಕ್ಕ ಹುಡುಗನನ್ನೂ ಕರೆದರು. ಅವನು ಕನ್ನಡದಲ್ಲಿ ಎಣಿಸಿದ, ಹದಿನಾರು. ನನ್ನ ಕಡೆ ತಿರುಗಿ, 'ನೀವೂ ಎಣಸ್ರಿ ಸರ್, ಗಾಡಿ ನಿಮ್ದು' ಅಂದರು. ನಾನೂ ಎಣಿಸಿದೆ.

ಹೆಡ್ ಬೋಲ್ಟುಗಳೂ ಹೊಸವೇ ಬೇಕು ಅಂತ ಪಟ್ಟು ಹಿಡಿದವರು ಅವರೇ. ಈ ಬೋಲ್ಟುಗಳನ್ನು ಬಿಗಿಯುವಾಗ ಅವು ಸ್ವಲ್ಪ ಹಿಗ್ಗುತ್ತವೆ, ಆ ಹಿಗ್ಗಿನಿಂದಲೇ ಹೆಡ್ಡನ್ನು ಹಿಡಿದುಕೊಳ್ಳುತ್ತವೆ. ಒಮ್ಮೆ ಹಿಗ್ಗಿದ್ದನ್ನು ಮತ್ತೆ ಬಳಸಿದರೆ ಹಿಡಿತ ಇರುವುದಿಲ್ಲ. ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟು ಬಿಗಿದು, ಆಮೇಲೆ ಕೋನ ಅಳೆದು ಕಾಲು ಸುತ್ತು, ಮತ್ತೆ ಕಾಲು ಸುತ್ತು. ಮಗ ಪುಸ್ತಕದಿಂದ ಕ್ರಮ ಓದುತ್ತಿದ್ದ, ಚಾಚಾ ಬಿಗಿಯುತ್ತಿದ್ದರು, ಒಂದೊಂದು ಬೋಲ್ಟ್ ಮುಗಿದಾಗಲೂ ಅದರ ತಲೆಗೆ ಬಣ್ಣದ ಚುಕ್ಕಿ ಇಡುತ್ತಿದ್ದರು. ಈ ಶಿಸ್ತು ಎಲ್ಲಿಂದ ಬಂತು ಅಂತ ಕೇಳಿದೆ. ಬಸ್ ವರ್ಕ್‌ಶಾಪಿನಲ್ಲಿ ಕಾರ್ಡ್ ಬರೆದು ಸಹಿ ಮಾಡಬೇಕಿತ್ತಂತೆ, ಯಾರು ಯಾವ ಬೋಲ್ಟ್ ಬಿಗಿದರು ಅಂತ. 'ಐವತ್ತು ಮಂದಿ ಕೂಡ್ತಿದ್ರು ಆ ಗಾಡ್ಯಾಗ' ಅಂದರು. ಬೀದರಿನ ವಾಯುನೆಲೆಯಲ್ಲಿ ತಂತ್ರಜ್ಞರಾಗಿದ್ದು ನಿವೃತ್ತರಾದ ನನ್ನ ಪರಿಚಯದವರೂ ಇಂಥದ್ದನ್ನೇ ಹೇಳುತ್ತಾರೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಒಂದೊಂದು ಸಾಮಾನನ್ನೂ ಎಣಿಸದೆ ವಿಮಾನ ಬಿಡುವಂತಿಲ್ಲ.

ದುಡ್ಡು, ಚೀಟಿ, ಬಿಡಿಭಾಗ

ನಮ್ಮ ಕಡೆ ಎಸ್ಟಿಮೇಟ್ ಬರೆದು ಕೊಡಿ ಅಂದರೆ ಕೆಲವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನಂಬಿಕೆ ಇಲ್ಲೇನ್ರಿ ಅಂತ ಕೇಳುತ್ತಾರೆ. ನಂಬಿಕೆ ಇರುವ ಕಡೆಯೇ ಚೀಟಿ ಇರಬೇಕು ಅಂತ ನನ್ನ ವಾದ. ಬಿಚ್ಚಿದ ಮೇಲೆ ಹೊಸ ತೊಂದರೆ ಸಿಗುವುದು ಹಳೆಯ ಕಾರಿನಲ್ಲಿ ಮಾಮೂಲು. ಆಗ ಇಬ್ಬರ ನೆನಪೂ ಬೇರೆ ಬೇರೆ ಇದ್ದರೆ ಸ್ನೇಹ ಕೆಡುತ್ತದೆ. ಚಾಚಾ ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟರು: ಲೇಬರ್ ಇಷ್ಟು, ಹೆಡ್ ಫೇಸಿಂಗ್ ಇಷ್ಟು, ಇದರ ಮೇಲೆ ಏನಾದರೂ ಬಂದರೆ ಫೋನ್ ಮಾಡಿ ಕೇಳಿದ ಮೇಲೆಯೇ. ಹಾಗೆಯೇ ಮಾಡಿದರು. ನೀರಿನ ಪಂಪು, ಥರ್ಮೋಸ್ಟ್ಯಾಟ್, ಬೆಲ್ಟ್, ಟೆನ್ಷನರ್ ಎಲ್ಲ ಹೇಗೂ ಬಿಚ್ಚಿದ್ದೇವೆ, ಈಗಲೇ ಬದಲಿಸೋಣ, ಮತ್ತೆ ಅದೇ ಲೇಬರ್ ಯಾಕೆ ಕೊಡುತ್ತೀರಿ ಅಂದರು. ಇದು ಬಿಲ್ ಹೆಚ್ಚಿಸುವ ಮಾತಲ್ಲ. ಪಂಪ್ ಕೂತಿರುವುದೇ ಟೈಮಿಂಗ್ ಬೆಲ್ಟಿನ ದಾರಿಯಲ್ಲಿ. ಅದು ಆಮೇಲೆ ಕೆಟ್ಟರೆ ಬೆಲ್ಟನ್ನೂ ಸೇರಿಸಿ ಹಾಳು ಮಾಡುತ್ತದೆ.

ಸಾಮಾನು ತರಿಸುವ ಹೊಣೆ ನಾನು ಹೊತ್ತುಕೊಂಡೆ. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಇಷ್ಟು ಮಾಡಲೇಬೇಕು ಅನ್ನಿಸುತ್ತದೆ. ಈ ಇಂಜಿನ್ನಿನ ಬಹಳಷ್ಟು ಸಾಮಾನಿನ ನಂಬರ್ 06ಎ ಅಂತ ಶುರುವಾಗುತ್ತದೆ, ಆಡಿಗೂ ಫೋಕ್ಸ್‌ವ್ಯಾಗನ್ನಿಗೂ ಅವೇ ಬರುತ್ತವೆ. ಕಾರಿನ ಹೆಸರು ಹೇಳಿದರೆ ಅಂಗಡಿಯವರು ಇಲ್ಲ ಅನ್ನುತ್ತಾರೆ, ನಂಬರ್ ಹೇಳಿದರೆ ಹುಡುಕುತ್ತಾರೆ. ಸಿಕಂದರಾಬಾದಿನ ರಾಣಿಗಂಜಿನಲ್ಲಿ ಕೆಲವು ಸಿಕ್ಕವು, ಕೆಲವು ದಿಲ್ಲಿಯ ಕಶ್ಮೀರಿ ಗೇಟ್ ಮಾರುಕಟ್ಟೆಯಿಂದ ಬಂದವು. ಡಬ್ಬಿ ನೋಡಿ ಮೋಸ ಹೋಗಬಾರದು. ಖಾಲಿ ಒರಿಜಿನಲ್ ಡಬ್ಬಿಯೊಳಗೆ ಡೂಪ್ಲಿಕೇಟ್ ಹಾಕಿ ಮಾರುವವರು ಎಲ್ಲ ಊರಿನಲ್ಲೂ ಇದ್ದಾರೆ. ಚಾಚಾ ಹೊಸ ಬೆಲ್ಟನ್ನು ಹಳೆಯದರ ಪಕ್ಕ ಇಟ್ಟು ಅಗಲ, ಹಲ್ಲು, ಅಚ್ಚಾದ ನಂಬರ್ ಎಲ್ಲ ನೋಡಿದ ಮೇಲೆಯೇ ಕೈಗೆ ತೆಗೆದುಕೊಂಡಿದ್ದು. ಕೆಲಸ ಮುಗಿದಾಗ ಹಳೆಯ ಗ್ಯಾಸ್ಕೆಟ್, ಬೋಲ್ಟು, ಪಂಪು ಎಲ್ಲ ಒಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಟ್ಟಿದ್ದರು. ನಾನು ಕೇಳಿರಲಿಲ್ಲ.

ಹೈದರಾಬಾದಿಗೆ ಏನು ಕಳಿಸಬೇಕು

ಜೋಡಿಸುವಾಗ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಶಾಫ್ಟನ್ನು ಬೆರಳಲ್ಲಿ ಅಲುಗಿಸಿ ನೋಡಿದ ಚಾಚಾ ಸ್ವಲ್ಪ ಆಟ ಇದೆ ಅಂದರು. ಈಗಲೇ ಆತುರ ಇಲ್ಲ, ಆದರೆ ಬರುವ ವರ್ಷ ಮಾಡಿಸಬೇಕು. ನೀವೇ ಮಾಡ್ತೀರಾ ಅಂತ ಕೇಳಿದೆ. 'ಇಲ್ರಿ. ಅದಕ್ಕ ಬ್ಯಾಲೆನ್ಸ್ ಮಾಡೂ ಮಷೀನ್ ಬೇಕು. ಹೈದರಾಬಾದಿಗೆ ಕಳಸ್ರಿ. ಬಿಚ್ಚಿ ನಾ ಕೊಡ್ತೀನಿ, ಹಚ್ಚೂದು ನಾ ಮಾಡ್ತೀನಿ.' ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುವಂಥದ್ದು. ಕೂದಲೆಳೆಯಷ್ಟು ಭಾರ ಒಂದು ಕಡೆ ಜಾಸ್ತಿಯಾದರೂ ಬೇರಿಂಗ್ ತಿಂದುಹಾಕುತ್ತದೆ. ಅದು ಯಂತ್ರ ಇದ್ದವರ ಕೆಲಸವೇ.

ಇಲ್ಲಿ ನನ್ನ ತಲೆಯಲ್ಲಿದ್ದ ಗಂಟು ಬಿಡಿಸಿಕೊಂಡಿತು. ದೊಡ್ಡ ಊರಿಗೆ ಹೋಗಬೇಕಾದದ್ದು ಸಾಮಾನು, ಇಡೀ ಕಾರಲ್ಲ. ಕಾರು ಹೋದರೆ ಏನಾಗುತ್ತದೆ ಯೋಚಿಸಿ. ಹೆಡ್ ಕೆಲಸ ಡೆಲಿವರಿ ದಿನಕ್ಕೆ ಮುಗಿಯುವಂಥದ್ದಲ್ಲ. ಮೊದಲ ಕೆಲವು ದಿನ ಗಾಳಿ ಗುಳ್ಳೆ ಹೊರಗೆ ಬರುತ್ತ ಕೂಲೆಂಟ್ ಮಟ್ಟ ಬದಲಾಗುತ್ತದೆ, ಕ್ಲಿಪ್ಪುಗಳು ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ನೋಡಬೇಕು, ಒಂದು ಸಾವಿರ ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ ಒಳಗೆ ಏನು ಬಂದಿದೆ ಅಂತ ನೋಡಬೇಕು. ಸಣ್ಣ ಅನುಮಾನಕ್ಕೆಲ್ಲ 220 ಕಿ.ಮೀ. ಓಡಿಸಲು ಆಗುವುದಿಲ್ಲ. ಆಗದಿದ್ದಾಗ ನಾವು ಅನುಮಾನವನ್ನೇ ನುಂಗಿಕೊಂಡು ಓಡಿಸುತ್ತೇವೆ, ಅಲ್ಲಿಂದ ಕೆಡುವುದು ಶುರು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಐದು ನಿಮಿಷ ನಿಲ್ಲಿಸಿ ಬಾನೆಟ್ ತೆಗೆಸಬಹುದಾದ ಗ್ಯಾರೇಜಿಗೆ ಬೆಲೆ ಕಟ್ಟಲಾಗದು. ಕಲಬುರಗಿ ಬಿಸಿಲಿನಲ್ಲಿ, ಕಲಬುರಗಿ ಟ್ರಾಫಿಕ್ಕಿನಲ್ಲಿ ಗಾಡಿ ಹೇಗೆ ನಡೆಯುತ್ತದೆ ಅಂತ ಕಲಬುರಗಿಯವರಿಗೇ ಗೊತ್ತು.

ಹೈದರಾಬಾದಿನಲ್ಲಿ ಇದೇ ಇಂಜಿನ್ನನ್ನು ದಿನಾ ಬಿಚ್ಚುವವರು ಇರಬಹುದು, ಅವರ ಕೈ ಚುರುಕು ಇರಬಹುದು. ಅಲ್ಲೇ ವಾಸ ಇದ್ದಿದ್ದರೆ ನಾನೂ ಅವರನ್ನೇ ಹುಡುಕುತ್ತಿದ್ದೆ. ಬೀದರಿನವರಿಗೆ ಹೈದರಾಬಾದ್ ಇನ್ನೂ ಹತ್ತಿರ, ಅವರ ಲೆಕ್ಕ ಸ್ವಲ್ಪ ಬೇರೆಯೇ ಬರಬಹುದು. ಯಾದಗಿರಿಯಿಂದ ಹೊರಡುವವರಿಗೆ ನಾನು ಮಾತ್ರ ಮೊದಲು ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಕೇಳಿ ನೋಡಿ ಅನ್ನುತ್ತೇನೆ. ಮೊದಲ ಸಲವೇ ದೊಡ್ಡ ಕೆಲಸ ಒಪ್ಪಿಸಬೇಡಿ. ಒಂದು ಬ್ರೇಕ್ ಪ್ಯಾಡ್, ಒಂದು ಕೂಲೆಂಟ್ ಬದಲಾವಣೆ ಕೊಟ್ಟು ನೋಡಿ. ಚಕ್ರದ ಬೋಲ್ಟನ್ನು ಕೈಯಲ್ಲಿ ಮೊದಲು ಹಿಡಿಸಿ ಆಮೇಲೆ ಬಿಗಿಯುತ್ತಾರಾ, ಗನ್ ಹಿಡಿದು ಒಂದೇ ಸಲ ಹೊಡೆಯುತ್ತಾರಾ? ಚೆಲ್ಲಿದ ನೀರು ಒರೆಸುತ್ತಾರಾ? ಗೊತ್ತಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬರುತ್ತದಾ?

ನನ್ನ ಕಾರು ಈಗ ಬೇಸಿಗೆ ಒಂದನ್ನು ದಾಟಿದೆ. ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಎಳೆದ ಗೆರೆಯಿಂದ ನೀರು ಇಳಿದಿಲ್ಲ. ಬೆಲ್ಟಿಗೆ ಕಂಪನಿ ಕಿಲೋಮೀಟರ್ ಲೆಕ್ಕ ಹೇಳುತ್ತದೆ. ನಾನು ಕಡಿಮೆ ಓಡಿಸುವವನು, ರಬ್ಬರಿಗೆ ನಮ್ಮ ಬಿಸಿಲು ಕಿಲೋಮೀಟರಿಗಿಂತ ಕೆಟ್ಟದ್ದು, ಹಾಗಾಗಿ ವರ್ಷದ ಲೆಕ್ಕದಲ್ಲಿ ಬದಲಿಸಬೇಕು ಅಂತ ಚಾಚಾ ಹೇಳಿದ್ದಾರೆ. ಅವರ ಮಗ ಇಂಜಿನ್ ಸುತ್ತ ಇರುವ ಸಣ್ಣ ರಬ್ಬರ್ ಪೈಪುಗಳ ಪಟ್ಟಿ ಮಾಡಿ ನನಗೆ ಕಳಿಸಿದ್ದಾನೆ. ಎಲ್ಲದರ ಎದುರಿಗೂ ನಂಬರ್ ಇದೆ. ಮಾರ್ಚ್ ಬರುವ ಮುಂಚೆ ಅವನ್ನೆಲ್ಲ ತರಿಸಿ ಕೊಡಬೇಕು, ಟರ್ಬೊ ಬಿಚ್ಚುವ ವಾರದಲ್ಲೇ ಅವೂ ಬದಲಾಗುತ್ತವೆ.